ಒಡಲೂ ಅರಿವೂ



ಬಂಗಾರಪೇಟೆಯಲ್ಲಿ ರೈಲಿಳಿದು ಬೇತಮಂಗಲದ ಕಡೆಗೆ ಹೊರಟವರಿಗೆ ಮೊದಲು ಕಾಣುವುದು ಕೋಲಾರದ ಚಿನ್ನದ ಗಣಿಗಳ ಮಗ್ಗುಲಲ್ಲಿ ಗುಡ್ಡಗಳಂತೆ ಬಿದ್ದಿರುವ ಸಯನೈಡ್ ದಿಬ್ಬಗಳು. ಆಮೇಲೆ ಕಾಣುವುದು ಪಾಲಾರಿಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಕೆರೆ. ಊರಿಗೆ ಹಿಂದೆ ವಿಜಯಾದಿತ್ಯಮಂಗಲವೆಂದು ಹೆಸರಿತ್ತು. ಅದು ಬಾಣರಸರ ಕಾಲದ ಹೆಸರು. ಒಡೆದಿದ್ದ ಕೆರೆಯ ಏರಿಯನ್ನು ಕ್ರಿ. ಶ. 10ನೆಯ ಶತಮಾನದಲ್ಲಿ ಇರಿವ ನೊಳಂಬನು ಕಟ್ಟಿಸಿದನೆಂದೂ, 12ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕನೊಬ್ಬನು ಮತ್ತೆ ಸರಿಪಡಿಸಿದನೆಂದೂ ಶಾಸನಗಳಿಂದ ತಿಳಿದುಬಂದಿದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇದೇ ಕೆರೆಯ ನೀರನ್ನು ಯಂತ್ರಗಳಿಂದೆತ್ತಿ ಕೊಳವೆಗಳ ಮೂಲಕ ಗಣಿಯ ಊರುಗಳಿಗೆ ಹರಿಸಿದರು. ನೆಲದಡಿಗಿಳಿದು ದುಡಿದವರ ದಾಹವನ್ನು ತಣಿಸಿದ್ದು ನಮ್ಮೂರ ನೀರು.

ಇಷ್ಟು ಹೇಳಿ ನಿಲ್ಲಿಸಿದರೆ ಸ್ಥಳಪುರಾಣವಾದೀತು. ಆದರೆ ನಾನು ತತ್ತ್ವಶಾಸ್ತ್ರವನ್ನು ಪಾಠಹೇಳಿ ಹೊಟ್ಟೆಹೊರೆಯುವವನು. ಈ ಊರು ನನಗೆ ಬೇರೊಂದು ಕಾರಣದಿಂದ ಜ್ಞಾಪಕಕ್ಕೆ ಬರುತ್ತದೆ.

ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ಮುದುಕರೊಬ್ಬರಿದ್ದರು. ಗಣಿಯೊಂದರಲ್ಲಿ ಬಂಡೆ ಕೊರೆಯುವ ಕೆಲಸ ಮಾಡಿ ಬಿಟ್ಟುಬಂದವರು. ಹುಡುಗರೆಲ್ಲ ಅವರನ್ನು ತಾತ ಎಂದೇ ಕರೆಯುತ್ತಿದ್ದೆವು. ಸಂಜೆ ಏರಿಯ ಮೇಲೆ ನಡೆಯಹೊರಟರೆ ಅವರು ಹತ್ತು ಹೆಜ್ಜೆಗೊಮ್ಮೆ ನಿಂತು, ಏನನ್ನೋ ನೋಡುವವರಂತೆ ಕೆರೆಯ ಕಡೆಗೆ ಮುಖ ತಿರುಗಿಸುವರು. ನೋಡುವುದಕ್ಕಲ್ಲ, ಉಸಿರಿಗಾಗಿ ನಿಲ್ಲುತ್ತಿದ್ದರೆಂದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು. ಒಮ್ಮೆ, “ತಾತಾ, ಎದೆ ನೋಯುತ್ತಾ?” ಎಂದು ಕೇಳಿದೆ. “ನೋವೆಲ್ಲಿ ಬಂತಪ್ಪಾ? ನೋವಿದ್ದಿದ್ರೆ ಯಾವತ್ತೋ ತಿಳೀತಿತ್ತಲ್ಲ!” ಎಂದು ನಕ್ಕುಬಿಟ್ಟರು.

ಆ ಮಾತಿನ ಅರ್ಥ ಆಗ ಆಗಲಿಲ್ಲ. ಕಾಲೇಜಿನಲ್ಲಿ ದೇಹ ಮತ್ತು ಮನಸ್ಸುಗಳ ಸಂಬಂಧವನ್ನು ಕುರಿತು ಇಂಗ್ಲಿಷಿನ ದಪ್ಪ ಪುಸ್ತಕಗಳನ್ನು ಓದುವಾಗ ಅದು ತಾನಾಗಿ ಎದ್ದುಬಂತು. ಒಡಲೊಳಗೆ ಇರುವವನಿಗೆ ತನ್ನ ಒಡಲಿನ ವಿಷಯ ಎಷ್ಟು ಗೊತ್ತು? ಗೊತ್ತಾಗುವುದಾದರೆ ಹೇಗೆ? ಗೊತ್ತಾಗದೆ ಉಳಿಯುವುದು ಯಾವುದು? ಈ ಪ್ರಶ್ನೆಯ ಇತಿಹಾಸದ ಬಹುಭಾಗವನ್ನು ಬೇತಮಂಗಲದ ಸುತ್ತಣ ಕೆಲವು ಹರದಾರಿಗಳೊಳಗೇ ಹೇಳಬಹುದೆಂಬುದು ನನ್ನ ಅನುಭವ.

ಮೊದಲು ನಮ್ಮ ನುಡಿಯನ್ನೇ ಕೇಳೋಣ. ಸಂಗೀತದಲ್ಲಿ ತನ್ನನ್ನು ತಾನು ಮರೆತವನನ್ನು ಕನ್ನಡಿಗರು ‘ಮೈಮರೆತ’ ಎನ್ನುತ್ತಾರೆ. ಮನಸ್ಸನ್ನು ಮರೆತ ಎನ್ನುವುದಿಲ್ಲ. ಮೂರ್ಛೆಯಿಂದೆದ್ದವನು ‘ಮೈತಿಳಿದು’ ಏಳುತ್ತಾನೆ. ಕಾವಲಿನವನು ‘ಮೈಯೆಲ್ಲ ಕಣ್ಣಾಗಿ’ ಕಾಯುತ್ತಾನೆ. ಕೆಲಸಕ್ಕೆ ಹಿಂದೆಗೆಯುವುದು ಮನಸ್ಸಾದರೂ ಬೈಗುಳ ಮಾತ್ರ ‘ಮೈಗಳ್ಳ’ ಎಂದು. ದೇವರು ಬರುವುದೂ ‘ಮೈಮೇಲೆ’. ದೇಹ ಒಂದು ಕಡೆ, ಮನಸ್ಸು ಮತ್ತೊಂದು ಕಡೆ ಎಂದು ಪಾಲುಮಾಡಿ ಪರೀಕ್ಷೆಯಲ್ಲಿ ಬರೆದು ಬಂದ ನಮ್ಮಂಥವರಿಗೆ, ಮನೆಯಲ್ಲಿ ಆಡುವ ಮಾತು ಹಾಗೆ ಪಾಲಾಗಿಲ್ಲವೆಂಬುದು ಕೊಂಚ ತಡವಾಗಿ ಹೊಳೆಯುತ್ತದೆ. ಕನ್ನಡದ ‘ಮೈ’ ಬರಿಯ ಮಾಂಸಪಿಂಡವಲ್ಲ. ಅರಿವು ಹರಡಿಕೊಂಡಿರುವ ನೆಲೆ ಅದು.

ಆದರೆ ದಾರ್ಶನಿಕರು ಆಡುಮಾತಿಗೆ ಒಪ್ಪಿ ಸುಮ್ಮನಾಗುವವರಲ್ಲ. ಬೇತಮಂಗಲದಿಂದ ಉತ್ತರಕ್ಕೆ ನಡೆದರೆ ಮೊದಲು ಆವನಿ ಸಿಕ್ಕುತ್ತದೆ. ನೊಳಂಬರ ಕಾಲದಲ್ಲಿ ಅಲ್ಲಿ ತ್ರಿಭುವನಕರ್ತನೆಂಬ ಶೈವಯತಿ ನಲವತ್ತು ವರ್ಷ ಸ್ಥಾನಾಧಿಪತಿಯಾಗಿದ್ದು, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ 961ರಲ್ಲಿ ಕಾಲವಾದನೆಂದು ಶಾಸನವಿದೆ. ಆ ಶತಮಾನಗಳಲ್ಲಿ ಕನ್ನಡನಾಡಿನಲ್ಲಿ ಲಾಕುಳ ಶೈವಕ್ಕೆ ಬಹಳ ಪ್ರಾಬಲ್ಯ. ಅದರ ಮೂಲವಾದ ಪಾಶುಪತ ಮತದಲ್ಲಿ ಒಂದು ವಿಚಿತ್ರ ಸಾಧನೆಯುಂಟು. ವಿಜಯನಗರದ ಕಾಲದ ಸರ್ವದರ್ಶನಸಂಗ್ರಹದಲ್ಲಿ ಅದರ ವಿವರಣೆ ದೊರೆಯುತ್ತದೆ. ಎಚ್ಚರವಿದ್ದೂ ನಿದ್ರಿಸುವವನಂತೆ ನಟಿಸುವುದು, ವಾಯುರೋಗಿಯಂತೆ ಮೈ ನಡುಗಿಸುವುದು, ಕಾಲು ಸರಿಯಿದ್ದೂ ಕುಂಟುವುದು. ನೋಡಿದವರು ಹೀಗಳೆಯಬೇಕು, ಯತಿಯು ಅದನ್ನು ಸಹಿಸಬೇಕು. ಇದರ ಧಾರ್ಮಿಕ ಫಲವನ್ನು ಬಿಟ್ಟು ತಾತ್ತ್ವಿಕ ಅಂಶವನ್ನಷ್ಟೇ ನೋಡಿ. ಹೊರಗಿನವರಿಗೆ ಕಾಣುವ ಮೈ ಒಂದು, ಒಳಗಿನವನಿಗೆ ಗೊತ್ತಿರುವ ಮೈ ಇನ್ನೊಂದು. ಇವೆರಡನ್ನೂ ಬೇಕೆಂದೇ ಬೇರ್ಪಡಿಸಿ ಪರೀಕ್ಷಿಸುತ್ತಿದ್ದರು ಆ ಜನ. ಕುಂಟನೆಂದು ನಕ್ಕವನಿಗೆ ತಿಳಿಯದ ಸಂಗತಿಯೊಂದು ಕುಂಟಿದವನಿಗೆ ತಿಳಿದಿತ್ತು.

ಇನ್ನೂ ಉತ್ತರಕ್ಕೆ ಹೋದರೆ ಮುಳುಬಾಗಿಲು. ಅದರ ಬಳಿಯ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ರಂಗವಿಠಲನ ಅಂಕಿತದ ಅವರ ಕೀರ್ತನೆಗಳನ್ನು ಕೇಳದ ಕನ್ನಡಿಗರು ಕಡಮೆ. ಅವರು ಜಯತೀರ್ಥರ ನ್ಯಾಯಸುಧೆಗೆ ‘ವಾಗ್ವಜ್ರ’ವೆಂಬ ಟಿಪ್ಪಣಿ ಬರೆದ ಪ್ರೌಢ ಪಂಡಿತರೆಂಬುದನ್ನೂ, ವ್ಯಾಸತೀರ್ಥರು ಅವರಲ್ಲಿ ಕಲಿತರೆಂಬುದನ್ನೂ ಮಾತ್ರ ನಾವು ಮರೆಯುತ್ತೇವೆ. 15ನೆಯ ಶತಮಾನದಲ್ಲಿ ಮುಳುಬಾಗಿಲಿನ ಪಾಠಶಾಲೆಯಲ್ಲಿ ನಡೆದಿರಬಹುದಾದ ಚರ್ಚೆಗಳಲ್ಲಿ ಒಂದು ನಮಗೆ ಇಲ್ಲಿ ಬೇಕಾದದ್ದು: ಜೀವನ ಗಾತ್ರವೆಷ್ಟು?

ಇದೇನು ಹುಡುಗಾಟದ ಪ್ರಶ್ನೆಯೆಂದು ನಗಬೇಡಿ. ಕಾಲಿಗೆ ಮುಳ್ಳು ಚುಚ್ಚಿದರೆ ನೋಯುತ್ತದೆ. ತಲೆಯ ಮೇಲೆ ತಣ್ಣೀರು ಬಿದ್ದರೆ ಹಾಯೆನಿಸುತ್ತದೆ. ಅನುಭವಿಸುವವನು ಒಬ್ಬನೇ. ಅವನು ದೇಹದಲ್ಲಿ ಎಲ್ಲಿದ್ದುಕೊಂಡು ಎರಡನ್ನೂ ಅನುಭವಿಸುತ್ತಾನೆ? ಜೈನರು, ಜೀವವು ದೇಹದಷ್ಟೇ ದೊಡ್ಡದು ಎಂದರು. ಇರುವೆಯಲ್ಲಿ ಇರುವೆಯಷ್ಟು, ಆನೆಯಲ್ಲಿ ಆನೆಯಷ್ಟು, ಕೋಣೆಯ ಅಳತೆಗೆ ತಕ್ಕಂತೆ ಹರಡುವ ದೀಪದ ಬೆಳಕಿನ ಹಾಗೆ. ಮುಳ್ಳು ಚುಚ್ಚಿದಲ್ಲಿ ಜೀವವೇ ಇದೆಯಾದ್ದರಿಂದ ನೋಯುತ್ತದೆ. ಬಹು ಸರಳವಾದ ಉತ್ತರ. ನೈಯಾಯಿಕರು, ಆತ್ಮವು ಸರ್ವವ್ಯಾಪಿ, ಆದರೆ ಮನಸ್ಸು ಅಣುಮಾತ್ರ ಎಂದರು. ಚರ್ಮದ ಇಂದ್ರಿಯ ಮೈಯೆಲ್ಲ ಹರಡಿದೆ. ಅಣುವಾದ ಮನಸ್ಸು ಅದರ ಯಾವ ಭಾಗವನ್ನು ಸೋಕುವುದೋ ಆ ಭಾಗದ ತಿಳಿವಳಿಕೆ ಆ ಕ್ಷಣಕ್ಕೆ ಹುಟ್ಟುತ್ತದೆ. ಓದುವುದರಲ್ಲಿ ಮುಳುಗಿದವನಿಗೆ ಕಾಲು ಜೋಮುಹಿಡಿದದ್ದು ತಿಳಿಯದಿರುವುದೇಕೆ ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಸಮಾಧಾನವನ್ನು ನಾನು ಕಂಡಿಲ್ಲ. ಮಧ್ವರೂ ರಾಮಾನುಜರೂ ಬ್ರಹ್ಮಸೂತ್ರಗಳನ್ನು ಹಿಡಿದು, ಜೀವನೇ ಅಣು ಎಂದು ವಾದಿಸಿದರು. ಹಾಗಾದರೆ ಹೃದಯದಲ್ಲಿರುವ ಅಣುವಿಗೆ ಹೆಬ್ಬೆಟ್ಟಿನ ನೋವು ಮುಟ್ಟುವುದು ಹೇಗೆ? ಮೈಯ ಒಂದೆಡೆ ಹಚ್ಚಿದ ಗಂಧದ ಬೊಟ್ಟು ಮೈಯೆಲ್ಲಕ್ಕೂ ತಂಪು ಕೊಡುವ ಹಾಗೆ. ಮೂಲೆಯಲ್ಲಿಟ್ಟ ದೀಪದ ಬೆಳಕು ಕೋಣೆಯನ್ನು ತುಂಬುವ ಹಾಗೆ. ಶಂಕರರಿಗೆ ಇದು ಒಪ್ಪಿಗೆಯಿಲ್ಲ. ‘ನಾನು ದಪ್ಪ, ನಾನು ಬಡವು, ನಾನು ಕುರುಡ’ ಎಂದು ಜನ ಆಡುವ ಮಾತುಗಳೆಲ್ಲ ದೇಹದ ಧರ್ಮವನ್ನು ಆತ್ಮನ ಮೇಲೆ ಹೊರಿಸುವ ಅಧ್ಯಾಸವೆಂಬುದು ಅವರ ನಿರ್ಣಯ.

ಗಾತ್ರದ ವಾದಕ್ಕಿಂತಲೂ ದ್ವೈತಿಗಳ ಇನ್ನೊಂದು ಸಿದ್ಧಾಂತ ನನಗೆ ಬೆಲೆಯುಳ್ಳದ್ದಾಗಿ ತೋರುತ್ತದೆ. ಕಣ್ಣು ಕಿವಿ ಮೊದಲಾದ ಐದು ಇಂದ್ರಿಯಗಳು, ಆರನೆಯದು ಮನಸ್ಸು. ಇವುಗಳಲ್ಲದೆ ಏಳನೆಯದೊಂದನ್ನು ಅವರು ಹೇಳುತ್ತಾರೆ. ಅದು ಸಾಕ್ಷಿ, ಆತ್ಮನ ಸ್ವರೂಪವೇ ಆದ ಇಂದ್ರಿಯ. ಸುಖ, ದುಃಖ, ಕಾಲ ಮುಂತಾದುವನ್ನು ನೇರವಾಗಿ ತಿಳಿಯುವುದು ಸಾಕ್ಷಿಯೇ. ಕಣ್ಣು ಹಗ್ಗವನ್ನು ಹಾವೆಂದೀತು, ಮನಸ್ಸು ತಪ್ಪುಮಾಡೀತು. ಆದರೆ ‘ನನಗೆ ನೋವಿದೆ’ ಎಂದು ಸಾಕ್ಷಿ ಹೇಳಿದಮೇಲೆ ಅದಕ್ಕೆ ಮೇಲರ್ಜಿಯಿಲ್ಲ. ನಿನಗೆ ನೋವಿಲ್ಲವೆಂದು ನೋಯುವವನಿಗೆ ಯಾವ ಪಂಡಿತನೂ ರುಜುವಾತು ಮಾಡಿಕೊಡಲಾರ.

ಸಾಕ್ಷಿಯ ಎಲ್ಲೆಯಾಚೆಗೆ ಮೈಯಲ್ಲಿ ಏನಾದರೂ ನಡೆಯುತ್ತದೆಯೆ? ನಡೆಯುತ್ತದೆಂದು ವೈಶೇಷಿಕರು ಬಹು ಹಿಂದೆಯೇ ಕಂಡಿದ್ದರು. ಪ್ರಶಸ್ತಪಾದನು ಪ್ರಯತ್ನವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ಬೇಕು ಬೇಡಗಳಿಂದ ಹುಟ್ಟುವುದು ಒಂದು; ಬದುಕಿರುವುದರಿಂದಲೇ ಹುಟ್ಟುವುದು ಇನ್ನೊಂದು. ನಿದ್ರೆಹೋದವನಲ್ಲಿ ಬಯಕೆಯಿಲ್ಲ, ಅರಿವಿಲ್ಲ, ಆದರೂ ಉಸಿರು ಆಡುತ್ತಿರುತ್ತದೆ. ಅದನ್ನು ಆಡಿಸುವುದು ಈ ಎರಡನೆಯ ಪ್ರಯತ್ನ. ನನ್ನದೇ ಪ್ರಯತ್ನ, ನನಗೇ ಗೊತ್ತಿಲ್ಲ! ಈ ಮಾತನ್ನು ಮರೆಯಬೇಡಿರೆಂದು ಕೇಳಿಕೊಳ್ಳುತ್ತೇನೆ. ಗಣಿಯೊಳಕ್ಕೆ ಇಳಿದಾಗ ಅದು ಮತ್ತೆ ಬೇಕಾಗುತ್ತದೆ.

ಯೂರೋಪಿನಲ್ಲಿ ಈ ವಿಚಾರ ತೀವ್ರವಾದದ್ದು ಡೇಕಾರ್ಟನಿಂದ. 1641ರ ತನ್ನ ‘ಧ್ಯಾನ’ಗಳಲ್ಲಿ ಅವನು ಮನಸ್ಸನ್ನೂ ದೇಹವನ್ನೂ ಎರಡು ಬೇರೆ ಪದಾರ್ಥಗಳೆಂದು ಸಾಧಿಸಿದನು. ಆದರೆ ಆರನೆಯ ಧ್ಯಾನಕ್ಕೆ ಬರುವ ಹೊತ್ತಿಗೆ ಅವನಿಗೇ ಕಷ್ಟ ತೋರಿತು. ಹಡಗಿನ ನಾವಿಕನಿಗೆ ಹಡಗು ಬಿರುಕುಬಿಟ್ಟರೆ ಕಣ್ಣಿನಿಂದ ನೋಡಿ ತಿಳಿಯಬೇಕು. ನನ್ನ ಮೈಗೆ ಗಾಯವಾದರೆ ನಾನು ಹಾಗೆ ನೋಡಿ ತಿಳಿಯುವುದಿಲ್ಲ, ನೋಯುತ್ತೇನೆ. ಆದ್ದರಿಂದ ನಾನು ದೇಹದಲ್ಲಿ ನಾವಿಕನಂತೆ ಕುಳಿತಿಲ್ಲ, ಅದರೊಡನೆ ಬೆರೆತಿದ್ದೇನೆ ಎಂದು ಒಪ್ಪಿಕೊಂಡನು. ಅದೇ ಧ್ಯಾನದಲ್ಲಿ ಜಲೋದರ ರೋಗಿಯ ಮಾತೂ ಬರುತ್ತದೆ. ಅವನಿಗೆ ನೀರು ವಿಷ. ಆದರೂ ಬಾಯಾರಿಕೆ ತಡೆಯಲಾರದಷ್ಟು. ಬಾಯಾರಿಕೆ ಸುಳ್ಳಲ್ಲ, ಅದು ತೋರಿಸುವ ದಾರಿ ಸುಳ್ಳು.

ಎರಡು ವರ್ಷ ಕಳೆಯುವುದರೊಳಗೆ, 1643ರಲ್ಲಿ, ಬೊಹೀಮಿಯದ ರಾಜಪುತ್ರಿ ಎಲಿಜಬೆತ್ ಅವನಿಗೆ ಕಾಗದ ಬರೆದು, ಗಾತ್ರವಿಲ್ಲದ ಮನಸ್ಸು ಗಾತ್ರವುಳ್ಳ ದೇಹವನ್ನು ತಳ್ಳುವುದು ಹೇಗೆಂದು ಕೇಳಿದಳು. ಡೇಕಾರ್ಟನ ಉತ್ತರ ಬಂದಮೇಲೂ ಆಕೆಗೆ ತೃಪ್ತಿಯಾಗಲಿಲ್ಲ. ದೇಹದ ವಿಕಾರದಿಂದ ಬುದ್ಧಿಯೇ ಕೆಡುವುದುಂಟಲ್ಲ, ದೇಹದ ಹಂಗಿಲ್ಲದೆ ಇರಬಲ್ಲ ಮನಸ್ಸಿಗೆ ಹಾಗೇಕಾಗಬೇಕು ಎಂದು ಮತ್ತೆ ಬರೆದಳು. ತತ್ತ್ವಶಾಸ್ತ್ರದ ಇತಿಹಾಸಗಳಲ್ಲಿ ಡೇಕಾರ್ಟನಿಗೆ ಅಧ್ಯಾಯವೂ ಈಕೆಗೆ ಅಡಿಟಿಪ್ಪಣಿಯೂ ಬಹುಕಾಲ ದೊರೆತವು. ಪ್ರಶ್ನೆಯ ತೂಕವನ್ನು ನೋಡಿದರೆ ಈ ಹಂಚಿಕೆ ನ್ಯಾಯವಲ್ಲ.

ಈಗ ಗಣಿಗೆ ಬರೋಣ. ಕೋಲಾರದಲ್ಲಿ ಜಾನ್ ಟೇಲರ್ ಸಂಸ್ಥೆಯವರು 1880ರಲ್ಲಿ ಕೆಲಸಕ್ಕೆ ತೊಡಗಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂತು. 1956ರಲ್ಲಿ ಗಣಿಗಳು ಸರ್ಕಾರದ ವಶವಾದುವು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಅಷ್ಟರಲ್ಲಿ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಮಿಕ್ಕ ಆಳ ಮುಟ್ಟಿತ್ತು. ಅಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತಿತ್ತು. ಮೇಲಿನಿಂದ ಗಾಳಿ ಹಾಯಿಸದಿದ್ದರೆ ಮನುಷ್ಯಮಾತ್ರದವನು ಅಲ್ಲಿ ಬಾಳಲಾರ.

ಇಂಥ ಆಳದಲ್ಲಿ ಮನುಷ್ಯದೇಹದ ಗತಿಯೇನೆಂದು ಶೋಧಿಸಿದವರಲ್ಲಿ ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಅವರು ಮುಖ್ಯರು. ಕಾರ್ನ್‌ವಾಲಿನ ಗಣಿಗಳಲ್ಲಿ ಪ್ರಯೋಗಮಾಡಿ, ಶಾಖಕ್ಕಿಂತ ಗಾಳಿಯ ತೇವವೇ ದೇಹಕ್ಕೆ ಹೆಚ್ಚು ಅಪಾಯಕರವೆಂದು 1905ರಲ್ಲಿ ತೋರಿಸಿದರು. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಅದೇ ವರ್ಷ ಪ್ರೀಸ್ಟ್‌ಲಿ ಎಂಬವರೊಡಗೂಡಿ, ಉಸಿರಾಟವನ್ನು ಹದದಲ್ಲಿಡುವುದು ರಕ್ತದಲ್ಲಿ ಕೂಡುವ ಇಂಗಾಲಾಮ್ಲ ವಾಯುವೆಂದು ಪ್ರಕಟಿಸಿದರು. ಅದು ಕಿಂಚಿತ್ತು ಹೆಚ್ಚಿದರೂ ಉಸಿರು ತಾನಾಗಿ ಆಳವಾಗುತ್ತದೆ. ನಮಗೆ ಸುದ್ದಿಯೇ ಇಲ್ಲ. ಪ್ರಶಸ್ತಪಾದನ ಎರಡನೆಯ ಪ್ರಯತ್ನವನ್ನು ಇಲ್ಲಿ ನೆನೆಯದವರಾರು? ಇಬ್ಬರೂ ಹೇಳಿದ್ದು ಒಂದೇ ಎಂದು ಹೆಮ್ಮೆಪಡಲು ನಾನು ಹೊರಟಿಲ್ಲ. ಒಬ್ಬನದು ವಿಚಾರ, ಇನ್ನೊಬ್ಬರದು ಅಳತೆ. ಪ್ರಶ್ನೆ ಮಾತ್ರ ಒಂದೇ. ಹಾಲ್ಡೇನ್ ಅವರು ದಾರ್ಶನಿಕರೂ ಆಗಿದ್ದರು. ಜೀವವನ್ನು ಬರಿಯ ಯಂತ್ರವೆಂದು ವಿವರಿಸಿ ಮುಗಿಸಲಾಗದೆಂದು ಕಡೆಯವರೆಗೂ ವಾದಿಸಿದರು. ವಿಷವಾಯುಗಳನ್ನು ತಾವೇ ಉಸಿರಾಡಿ ನೋಡಿದವರ ಮಾತು ಅದು.

ಉಸಿರಿನ ಜೊತೆಯಲ್ಲಿ ಗಣಿಯವನ ಒಳಕ್ಕೆ ಹೋಗುವುದು ಗಾಳಿಯೊಂದೇ ಅಲ್ಲ. ಬೆಣಚುಕಲ್ಲನ್ನು ಕೊರೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ದೊಡ್ಡ ಕಣಗಳು ಮೂಗುಗಂಟಲುಗಳಲ್ಲಿ ನಿಂತು ಕೆಮ್ಮಿಸುತ್ತವೆ. ಇವು ಕೆಮ್ಮಿಸದೆ ಶ್ವಾಸಕೋಶದ ಕಟ್ಟಕಡೆಯ ಗೂಡುಗಳಿಗೆ ಇಳಿಯುತ್ತವೆ. ಅಲ್ಲಿ ಸಣ್ಣ ಸಣ್ಣ ಗಂಟುಗಳು ಕಟ್ಟಿ, ವರ್ಷಾನುಗಟ್ಟಲೆ ಬೆಳೆದು, ಮೃದುವಾದ ಅಂಗ ಗಡುಸಾಗುತ್ತದೆ. ಸಿಲಿಕೋಸಿಸ್ ಎಂಬ ಈ ವ್ಯಾಧಿಗೆ ಗುಣವಿಲ್ಲ. ಕ್ಷಯವೂ ಬಂದು ಸೇರಿಕೊಳ್ಳುವುದುಂಟು. ನಮ್ಮ ಪ್ರಶ್ನೆಗೆ ಮುಖ್ಯವಾದ ಸಂಗತಿ ಇದು: ಶ್ವಾಸಕೋಶದ ಒಳಭಾಗಕ್ಕೆ ನೋವನ್ನು ತಿಳಿಸುವ ನರಗಳಿಲ್ಲ. ಅದನ್ನು ಸುತ್ತಿದ ಪೊರೆ ನೊಂದೀತು, ಒಳಗು ನೋಯದು. ಕೋಲಾರದ ಗಣಿಗಳಲ್ಲಿ 7,500ಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿ ಕ್ಯಾಪ್ಲನ್ ಮತ್ತು ಬರ್ಡನ್ ಎಂಬವರು 1947ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಮೇಲ್ಪಟ್ಟವರಿಗೆ ಈ ವ್ಯಾಧಿ ತಗುಲಿತ್ತು. ನೋವಿದ್ದಿದ್ದರೆ ಎಂದೋ ತಿಳಿಯುತ್ತಿತ್ತೆಂಬ ತಾತನ ಮಾತು ಶಾರೀರಶಾಸ್ತ್ರದ ಪಾಠದಷ್ಟೇ ಸರಿಯಾಗಿತ್ತು.

ಇದೇ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಎಂಬ ಕಣಗಳ ಸುಳಿವನ್ನು ಯಂತ್ರಗಳಿಂದ ಹಿಡಿದರು. ಅವು ಕ್ಷಣಕ್ಷಣಕ್ಕೂ ಲೆಕ್ಕವಿಲ್ಲದಷ್ಟು ನಮ್ಮ ಮೈಯನ್ನು ತೂರಿಕೊಂಡು ಹೋಗುತ್ತಿವೆಯಂತೆ. ಅವುಗಳಿಂದ ಕೆಡುಕಿಲ್ಲ, ಆದ್ದರಿಂದ ತಿಳಿಯದಿದ್ದರೂ ಚಿಂತೆಯಿಲ್ಲ. ಕಲ್ಲಿನ ಧೂಳಿನ ವಿಷಯ ಹಾಗಲ್ಲ.

ಒಳಗಿನ ಅರಿವನ್ನು ಹೊರಗಿನಿಂದ ಅಳೆಯುವ ಶಾಸ್ತ್ರವೂ ನಮ್ಮ ನಾಡಿಗೆ ಅದೇ ಶತಮಾನದಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬ್ರಜೇಂದ್ರನಾಥ ಸೀಲರು ಕುಲಪತಿಗಳಾಗಿದ್ದಾಗ, 1924ರಲ್ಲಿ ಮನಶ್ಶಾಸ್ತ್ರದ ವಿಭಾಗ ಸ್ಥಾಪಿತವಾಯಿತು. ಸೀಲರು 1915ರ ತಮ್ಮ ಗ್ರಂಥದಲ್ಲಿ ಚರಕ ಸುಶ್ರುತರ ಶಾರೀರ ವಿಚಾರಗಳನ್ನು ಶೋಧಿಸಿ, ಪ್ರಜ್ಞೆಯ ನೆಲೆಯನ್ನು ವೈದ್ಯರು ಹೃದಯದಲ್ಲಿಯೂ ತಾಂತ್ರಿಕರು ಮೆದುಳಿನಲ್ಲಿಯೂ ಇಟ್ಟರೆಂದು ತೋರಿಸಿದವರು. ವಿಭಾಗವನ್ನು ನಡೆಸಿದವರು, ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತುಬಂದ ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಇವರೇ. ಒಡಲನ್ನು ಬಿಟ್ಟು ದನಿಯೊಂದನ್ನೇ ಮನೆಮನೆಗೆ ಕಳುಹಿಸುವ ಕೆಲಸಕ್ಕೆ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಕೈಹಾಕಿದ್ದು ನನಗೆ ಸೋಜಿಗವೆನಿಸುವುದಿಲ್ಲ. ಆದರೂ ಕೇಳುವವರು ದನಿಯಿಂದಲೇ ಆಡುವವನ ವಯಸ್ಸನ್ನು, ನೆಗಡಿಯನ್ನು, ಅಂಜಿಕೆಯನ್ನು ಊಹಿಸಿಬಿಡುತ್ತಾರಲ್ಲ! ಒಡಲು ಅಷ್ಟು ಸುಲಭವಾಗಿ ಹಿಂದುಳಿಯುವುದಿಲ್ಲ.

ಇಷ್ಟೆಲ್ಲ ಅಳತೆಗಳು ಬಂದಮೇಲೆ ವ್ಯಾಜ್ಯವೊಂದು ಹುಟ್ಟುವುದು ಸಹಜ. ಮೈಯ ವಿಷಯದಲ್ಲಿ ಯಾರ ಮಾತನ್ನು ನಂಬಬೇಕು? ಅದರೊಳಗೆ ಬಾಳುವವನದನ್ನೋ, ಅದನ್ನು ಕ್ಷಕಿರಣದಿಂದ ನೋಡುವವನದನ್ನೋ? ಇದು ಪಾಠಶಾಲೆಯ ವಾದವಲ್ಲ. ಇಂಡಿಯಾದಲ್ಲಿ ಕೆಲಸಗಾರರ ಪರಿಹಾರದ ಕಾಯಿದೆ ಬಂದದ್ದು 1923ರಲ್ಲಿ. ಅದರ ಪಟ್ಟಿಯಲ್ಲಿ ಕೈಗಿಷ್ಟು, ಕಣ್ಣಿಗಿಷ್ಟು, ಹೆಬ್ಬೆರಳಿಗಿಷ್ಟು ಎಂದು ದುಡಿಯುವ ಶಕ್ತಿಯ ನಷ್ಟವನ್ನು ನೂರರ ಲೆಕ್ಕದಲ್ಲಿ ನಮೂದಿಸಿದ್ದರು. ಕಡಿದುಹೋದ ಬೆರಳು ಎಲ್ಲರಿಗೂ ಕಾಣುತ್ತದೆ. ಹತ್ತು ಹೆಜ್ಜೆಗೆ ನಿಲ್ಲಬೇಕಾದ ಉಸಿರಿಗೆ ನೂರಕ್ಕೆಷ್ಟು?

ಮುಳುಬಾಗಿಲಿನವರ ವಿವೇಕ ಇಲ್ಲಿ ನಮಗೆ ಉಪಕಾರಮಾಡೀತೆಂದು ನನಗೆ ತೋರುತ್ತದೆ. ‘ನನಗೆ ನೋವಿಲ್ಲ’ ಎಂಬುದು ಸಾಕ್ಷಿಯ ಮಾತು, ಅದು ನಿಜ. ‘ಆದ್ದರಿಂದ ನನಗೆ ರೋಗವಿಲ್ಲ’ ಎಂಬುದು ಮನಸ್ಸು ಮಾಡಿಕೊಂಡ ಅನುಮಾನ; ಅದು ಸುಳ್ಳಾದೀತು, ಎಷ್ಟೋ ಮಂದಿಯ ವಿಷಯದಲ್ಲಿ ಸುಳ್ಳಾಯಿತು. ಧೂಳಿನ ಅಳತೆ, ನೀರು ಹಾಯಿಸಿ ಕೊರೆಯುವ ಪದ್ಧತಿ, ಕ್ಷಕಿರಣದ ಪರೀಕ್ಷೆ, ಇವೆಲ್ಲ ಸಾಕ್ಷಿಗೆ ನಿಲುಕದ ಈ ಪ್ರದೇಶಕ್ಕಾಗಿ ಬೇಕಾದವು. ಆದರೆ ವೈದ್ಯನ ಕಡೆಯಲ್ಲಿಯೂ ಅಂಥದೇ ಒಂದು ಜಾರುವಿಕೆಯುಂಟು. ‘ಚಿತ್ರದಲ್ಲಿ ನೆರಳು ಕಡಮೆ’ ಎಂಬುದು ಅವನು ಕಂಡದ್ದು. ‘ಆದ್ದರಿಂದ ಇವನಿಗೆ ಅಷ್ಟೇನೂ ಉಬ್ಬಸವಿಲ್ಲ’ ಎಂಬುದು ಅವನು ಕಂಡದ್ದಲ್ಲ. ಅದನ್ನು ಕಾಣಲು ಅವನಿಗೆ ಇಂದ್ರಿಯವಿಲ್ಲ. ನೆರಳು ಅಲ್ಪವಿದ್ದು ಉಬ್ಬಸ ಬಹಳವಿರುವುದೂ, ನೆರಳು ದಟ್ಟವಾಗಿದ್ದು ಮನುಷ್ಯ ಓಡಾಡಿಕೊಂಡಿರುವುದೂ ವೈದ್ಯರೇ ಬಲ್ಲ ಸಂಗತಿ. ಎರಡು ಪ್ರಮಾಣಗಳಿಗೂ ಅವುಗಳದೇ ಆದ ಸೀಮೆಯಿದೆ. ಗಡಿಯನ್ನು ದಾಟಿ ಒಂದು ಇನ್ನೊಂದರ ಸೀಮೆಯಲ್ಲಿ ತೀರ್ಪುಕೊಟ್ಟಾಗಲೇ ಅನ್ಯಾಯವಾಗುವುದು. ಡೇಕಾರ್ಟನ ಜಲೋದರ ರೋಗಿಗೆ ನೀರನ್ನು ಕೊಡಬೇಡವೆನ್ನಲು ವೈದ್ಯನಿಗೆ ಅಧಿಕಾರವಿದೆ. ನಿನಗೆ ಬಾಯಾರಿಕೆಯಿಲ್ಲವೆನ್ನಲು ಇಲ್ಲ.

ತಾತನಿಗೆ ಎರಡೂ ಬಗೆಯ ಅನುಭವವಾಗಿತ್ತೆಂದು ಮುಂದೆ ತಿಳಿಯಿತು. ಉಸಿರು ಸಾಲದೆಂದು ಅವರು ಮೊದಲು ಹೇಳಿಕೊಂಡಾಗ ಕೇಳಿದವರು ಮೈಗಳ್ಳತನವೆಂದರಂತೆ. ವರ್ಷಗಳ ಮೇಲೆ ಚಿತ್ರ ತೆಗೆದು ರೋಗವಿದೆಯೆಂದಾಗ, ಅವರಿಗೇ ನಂಬಿಕೆ ಬರಲಿಲ್ಲವಂತೆ, ನೋವಿಲ್ಲವಲ್ಲ! ನಾನು ಕಾಲೇಜು ಸೇರಿದ ವರ್ಷ ಅವರು ತೀರಿಕೊಂಡರು. ಆ ಕ್ಷಕಿರಣದ ಚಿತ್ರವನ್ನು ಮನೆಯವರು ಕಬ್ಬಿಣದ ಪೆಟ್ಟಿಗೆಯಲ್ಲಿ, ಜಮೀನಿನ ಪತ್ರಗಳ ಜೊತೆಯಲ್ಲಿ ಇಟ್ಟಿದ್ದರು. ಓದಿದವನೆಂದು ನನ್ನನ್ನು ಕರೆದು, ಅದರಲ್ಲಿ ಏನಿದೆ ಹೇಳೆಂದು ಕೇಳಿದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪಕ್ಕೆಲುಬುಗಳೂ, ನಡುವೆ ಹೃದಯದ ನೆರಳೂ, ಎರಡು ಕಡೆಯಲ್ಲಿಯೂ ರಾಗಿ ಚೆಲ್ಲಿದಂತೆ ಚುಕ್ಕೆಗಳೂ ಇದ್ದುವು. ಅವರು ಏರಿಯ ಮೇಲೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರೆಂಬುದು ಮಾತ್ರ ಅದರಲ್ಲಿ ಇರಲಿಲ್ಲ. ಅದನ್ನು ನಾನೇ ಮನೆಯವರಿಗೆ ಹೇಳಬೇಕಾಯಿತು.